ಯಾರ ಮುಖಾನೂ ಕಾಣಲ್ಲ ಅಂದ್ರು ಅಮ್ಮ

ಸಿನಿಮಾ ಕ್ಯಾಮೆರಾದ ಹಿಂದೆ ನಿಲ್ಲುವವನು ನಗೆಪಾಟಲನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಅದೇ ನಮ್ಮ ವಿಳಾಸ ಕೇಳಿಕೊಂಡು ಮನೆ ಬಾಗಿಲಿಗೆ ಬರುತ್ತದೆ, ಕೆಲವು ಸಲ ಕಾಫಿಯನ್ನೂ ಕೇಳುತ್ತದೆ.

ನಾನು ಕ್ಯಾಮೆರಾಮನ್. ಪೋಸ್ಟರಿನ ಕೆಳತುದಿಯಲ್ಲಿ, ಮೈದಾ ಅಂಟು ಬಳಿಯುವವನ ಹೆಬ್ಬೆರಳಿನ ಕೆಳಗೆ ಸಾಮಾನ್ಯವಾಗಿ ಮುಚ್ಚಿಹೋಗುವ ಜಾಗದಲ್ಲಿ ನನ್ನ ಹೆಸರಿರುತ್ತದೆ. ಮಾಡಿದ ಕೆಲಸದಲ್ಲಿ ಮುಖ್ಯವಾದದ್ದೆಲ್ಲ ಒಬ್ಬನೇ ನಿರ್ದೇಶಕನ ಜೊತೆ ಮಾಡಿದ್ದು. ಅವನು ರಾಜಾಜಿನಗರದವನು, ನಾನು ಆರ್‌ಪಿಸಿ ಲೇಔಟಿನವನು. ಕಾಲೇಜಿನಿಂದಲೂ ಸ್ನೇಹ, ಕಾಲೇಜಿನಿಂದಲೂ ಜಗಳ. "ಅವರ ಸಿನಿಮಾನ ಎರಡು ನಿಮಿಷ ನೋಡಿದ್ರೆ ಸಾಕು, ಅವರದೇ ಅಂತ ಗೊತ್ತಾಗುತ್ತೆ" ಎಂದು ಜನ ಅವನನ್ನು ಹೊಗಳುತ್ತಾರೆ. ದೂರ ನಿಂತ ಕ್ಯಾಮೆರಾ, ಬಾಗಿಲಿನ ಆಚೆ ನಡೆಯುವ ಬದುಕು, ಅರ್ಧ ಕತ್ತಲಲ್ಲಿ ಕೂತ ಮುಖಗಳು. ಇದೆಲ್ಲ ಎಲ್ಲಿಂದ ಬಂತು ಎಂದು ನಾನು ಬಾಯಿ ಬಿಟ್ಟರೆ ಹೊಗಳುವವರಿಗೆ ಬೇಜಾರಾಗಬಹುದು. ಆದರೂ ಬಿಡುತ್ತೇನೆ.

ಒಂದು ವಿಷಯ ಮೊದಲೇ ಹೇಳಿಬಿಡಬೇಕು. ಪ್ರಶಸ್ತಿ, ಶಾಲು, ಹಾರ ಎಲ್ಲ ಅವನಿಗೆ ಸಿಕ್ಕಿವೆ. ಸಿಗದೇ ಉಳಿದದ್ದು ಅವನ ಅಮ್ಮನ ಬಾಯಿಂದ "ಚೆನ್ನಾಗಿದೆ" ಎನ್ನುವ ಒಂದು ಮಾತು. ಅದಕ್ಕಾಗಿ ಅವನು ಎಷ್ಟು ಹಂಬಲಿಸುತ್ತಿದ್ದ ಎನ್ನುವುದು ನನಗೆ ಗೊತ್ತು. ಪ್ರತಿ ಸಿನಿಮಾ ಮುಗಿದಾಗಲೂ ಅವನು ಮೊದಲು ತಿರುಗಿ ನೋಡುತ್ತಿದ್ದದ್ದು ಅಮ್ಮ ಕೂತ ಸೀಟಿನ ಕಡೆಗೆ.

ತೋರಿಸದಿರುವ ಉದ್ಯೋಗ

ನಮ್ಮ ಪಕ್ಕದ ಮನೆಯಲ್ಲಿ ಒಬ್ಬ ನಿವೃತ್ತ ಗುಮಾಸ್ತರಿದ್ದಾರೆ. ಬೆಳಗ್ಗೆ ಹಾಲು ತರುವಾಗ ಸಿಕ್ಕರೆ ಬಿಡುವ ಆಸಾಮಿಯಲ್ಲ. ಒಂದು ದಿನ ಹಾಲಿನ ಬೂತಿನ ಹತ್ತಿರವೇ ಹಿಡಿದುಕೊಂಡರು.

"ಅಲ್ಲಾ ಸಾರ್, ತಪ್ಪು ತಿಳ್ಕೋಬೇಡಿ. ಕಥೆ ಬರೆಯೋರು ಒಬ್ರು, ಆಕ್ಟ್ ಮಾಡೋರು ಒಬ್ರು, ಆ್ಯಕ್ಷನ್ ಅನ್ನೋಕೆ ಡೈರೆಕ್ಟ್ರು. ಫೋಕಸ್ಸು ಈಗ ನನ್ನ ಮೊಮ್ಮಗಳ ಫೋನಲ್ಲೇ ತಾನಾಗೇ ಆಗುತ್ತೆ. ಹಾಗಾದ್ರೆ ನೀವು ಏನ್ ಮಾಡ್ತೀರಾ?"

ನನಗೆ ಉತ್ಸಾಹ ಬಂತು. ಬಿಸಿಲು ಬೂತಿನ ಎದುರು ಮನೆಯ ಗೋಡೆಯ ಮೇಲೆ ಓರೆಯಾಗಿ ಬಿದ್ದಿತ್ತು. ಅದನ್ನೇ ತೋರಿಸಿ ಹೇಳಿದೆ: ಈ ಗೋಡೆಯನ್ನು ಪೂರ್ತಿ ತೋರಿಸಿದರೆ ಅದು ಬರೀ ಗೋಡೆ. ಬಿಸಿಲು ಬಿದ್ದ ಈ ಒಂದು ಪಟ್ಟೆ ಬಿಟ್ಟು ಉಳಿದದ್ದನ್ನೆಲ್ಲ ಕತ್ತಲೆಗೆ ತಳ್ಳಿದರೆ, ಒಳಗೆ ಯಾರಿರಬಹುದು, ಏನು ಯೋಚಿಸುತ್ತಿರಬಹುದು ಎಂದು ನೋಡುವವನಿಗೆ ಅನ್ನಿಸಲು ಶುರುವಾಗುತ್ತದೆ. ಎಲ್ಲಿ ನಿಂತು ನೋಡಬೇಕು, ಎಷ್ಟು ದೂರದಿಂದ ನೋಡಬೇಕು, ಏನನ್ನು ಬಿಡಬೇಕು ಎನ್ನುವುದೇ ನನ್ನ ಕೆಲಸ. ಬಿಡುವುದೇ ಜಾಸ್ತಿ.

ಗುಮಾಸ್ತರು ತಲೆ ಆಡಿಸುತ್ತಾ ಪೂರ್ತಿ ಕೇಳಿಸಿಕೊಂಡರು. ಹಾಲಿನ ಚೀಲವನ್ನು ಕೈ ಬದಲಾಯಿಸಿದರು.

"ಅಂದ್ರೆ, ಇರೋದನ್ನ ತೋರಿಸದೇ ಇರೋದಕ್ಕೆ ನಿಮಗೆ ಸಂಬಳ. ನಮ್ಮ ಆಫೀಸಲ್ಲೂ ಇಂಥೋರು ಇದ್ರು ಬಿಡಿ ಸಾರ್."

ಅಡಿಗೆಮನೆಯ ಹೊಸ್ತಿಲು

ಮೊದಲ ಸಿನಿಮಾಕ್ಕೆ ಸೆಟ್ ಹಾಕುವ ಯೋಗ್ಯತೆ ನಮಗಿರಲಿಲ್ಲ. ಕಾರ್ಖಾನೆ ಕೆಲಸಗಾರನ ಮನೆಯ ಕಥೆ. ನಿರ್ದೇಶಕನ ತಂದೆಯೂ ಕಾರ್ಖಾನೆಯಲ್ಲೇ ದುಡಿದು ತೀರಿಕೊಂಡವರು. ಹಾಗಾಗಿ ರಾಜಾಜಿನಗರದ ಅವರ ಮನೆಯಲ್ಲೇ ಶೂಟಿಂಗ್ ಎಂದಾಯಿತು. ಕೆಂಪು ಗಾರೆ ನೆಲ, ಪುಟ್ಟ ನಡುಮನೆ, ಅದರಾಚೆ ಇನ್ನೂ ಪುಟ್ಟ ಅಡಿಗೆಮನೆ. ಮನೆಯಲ್ಲಿ ಇದ್ದದ್ದು ಅವನು ಮತ್ತು ಅವನ ಅಮ್ಮ.

ಮೊದಲ ದಿನ ಬೆಳಗಿನ ಜಾವ ಹೊರಟು ಬಂದು, ಸ್ಟ್ಯಾಂಡಿನ ಸಮೇತ ಕ್ಯಾಮೆರಾ ಹೊತ್ತು ಸೀದಾ ಅಡಿಗೆಮನೆಗೆ ನುಗ್ಗಿದೆ. ಅಮ್ಮ ಬಾಗಿಲಿಗೆ ಅಡ್ಡ ಕೈ ಹಿಡಿದರು.

"ಸ್ನಾನ ಆಯ್ತಾ?"

"ಇಲ್ಲಮ್ಮ, ಬೇಗ ಹೊರಟ್ವಲ್ಲ..."

"ಹಾಗಾದ್ರೆ ಒಳಗೆ ಬರೋ ಹಾಗಿಲ್ಲ."

"ನಾನು ಬರಲ್ಲ ಬಿಡಿ. ಕ್ಯಾಮೆರಾ ಮಾತ್ರ ಇಡ್ತೀನಿ."

"ಅದಕ್ಕೆ ಸ್ನಾನ ಮಾಡ್ಸಿದೀಯಾ? ಈಗಷ್ಟೇ ಬೀದೀಲಿ ನಿಂತಿತ್ತು ಆ ಸ್ಟ್ಯಾಂಡು. ಮೂಲೆ ಮನೆ ನಾಯಿ ಅದನ್ನ ಮೂಸಿ ನೋಡಿ, ಕಾಲೆತ್ತೋ ಯೋಚನೇಲಿತ್ತು. ಕಿಟಕಿಯಿಂದ ನಾನೇ ನೋಡಿದೀನಿ."

ಆಗ ಅವರ ಕಣ್ಣು ಅಷ್ಟು ಚುರುಕಾಗಿತ್ತು. ನಾಯಕಿ ಪಾತ್ರದ ಹೆಣ್ಣುಮಗಳು ಸ್ನಾನ ಮಾಡಿ ಬಂದಿದ್ದರಿಂದ ಅವಳಿಗೆ ಪ್ರವೇಶ ಸಿಕ್ಕಿತು. ನಾನು ನಡುಮನೆಯಲ್ಲೇ ಉಳಿದೆ. ಎತ್ತರದಲ್ಲಿಟ್ಟರೆ ಬಾಗಿಲ ತೋರಣ ಅಡ್ಡ ಬರುತ್ತಿತ್ತು, ಆದ್ದರಿಂದ ಊಟಕ್ಕೆ ಕೂರುವ ಮಣೆಯ ಮೇಲೆ ಕ್ಯಾಮೆರಾ ಇಟ್ಟು, ನೆಲದ ಮೇಲೆ ಮಲಗಿಕೊಂಡು, ದೂರದ ಲೆನ್ಸ್ ಹಾಕಿ ಬಾಗಿಲೊಳಗಿಂದ ಅವಳನ್ನು ತೆಗೆದೆ. ಎರಡು ಕಡೆ ಕಪ್ಪು ಬಾಗಿಲುವಾಡ, ನಡುವಿನ ಸಣ್ಣ ಸೀಳಿನಲ್ಲಿ ಒಲೆಯ ಮುಂದೆ ಒಬ್ಬಳು ಹೆಂಗಸು.

ಸಂಜೆ ಇಬ್ಬರೂ ಅದನ್ನು ಹಾಕಿ ನೋಡಿದೆವು. ಯಾರದೋ ಬದುಕನ್ನು ಅವರಿಗೆ ಗೊತ್ತಾಗದಂತೆ, ಮರ್ಯಾದೆಯಿಂದ ದೂರ ನಿಂತು ನೋಡಿದ ಹಾಗಿತ್ತು. "ಇನ್ಮೇಲೆ ಹೀಗೇ ಗುರು. ಹತ್ರ ಹೋಗೋದೇ ಬೇಡ. ಕ್ಲೋಸಪ್ಪೂ ಬೇಡ" ಎಂದ ನಿರ್ದೇಶಕ. ಅಲ್ಲಿಂದ ಅವನ ಸಿನಿಮಾಗಳಲ್ಲಿ ಕ್ಯಾಮೆರಾ ಅಡಿಗೆಮನೆಯ ಹೊಸ್ತಿಲು ದಾಟಲಿಲ್ಲ.

ಆ ಸಿನಿಮಾಕ್ಕೆ ಹೆಸರು ಬಂತು. ಒಂದು ಸಂವಾದದಲ್ಲಿ ಕನ್ನಡಕದ ವಿದ್ಯಾರ್ಥಿನಿಯೊಬ್ಬಳು ಎದ್ದು ಕೇಳಿದಳು: "ಸಾರ್, ಇಡೀ ಸಿನಿಮಾದಲ್ಲಿ ಕ್ಯಾಮೆರಾ ಒಂದು ಸಲಾನೂ ಅಡಿಗೆಮನೆ ಒಳಗೆ ಹೋಗಲ್ಲ. ಇದರ ಹಿಂದಿನ ತತ್ವ ಏನು?"

ನಿರ್ದೇಶಕ ಮೈಕ್ ಸರಿಮಾಡಿಕೊಂಡ. ಗಂಡಸಿನ ನೋಟದ ಮಿತಿ, ಹೆಣ್ಣಿನ ಲೋಕದ ಘನತೆ, ನೋಡುವ ಹಕ್ಕು ಯಾರದು ಎನ್ನುವ ಪ್ರಶ್ನೆ ಎಂದು ಬಹಳ ಹೊತ್ತು ಮಾತಾಡಿದ. ಅವನು ಹೇಳಿದ್ದು ಸುಳ್ಳೇನೂ ಅಲ್ಲ, ಮಾಡುತ್ತಾ ಮಾಡುತ್ತಾ ನಮಗೂ ಹಾಗೇ ಅನ್ನಿಸಿತ್ತು. ಸಭೆ ಗಂಭೀರವಾಗಿ ಕೇಳುತ್ತಿತ್ತು. ಮಗನ ಮಾತು ಕೇಳಲು ಬಂದು ಹಿಂದಿನ ಸಾಲಿನಲ್ಲಿ ಕೂತಿದ್ದ ಅಮ್ಮ ಪಕ್ಕದವರಿಗೆ ಹೇಳಿದ್ದು ಇಡೀ ಸಭೆಗೆ ಕೇಳಿಸಿತು:

"ಸ್ನಾನ ಮಾಡ್ಕೊಂಡು ಬಂದಿದ್ರೆ ನಾನೇ ಬಿಡ್ತಿದ್ದೆ."

ಉಲ್ಲಾಳದ ಬಂಗಲೆ

ಎರಡನೇ ಸಿನಿಮಾಕ್ಕೆ ಉಲ್ಲಾಳದ ಒಬ್ಬರು ನಿರ್ಮಾಪಕರಾಗಿ ಸಿಕ್ಕರು. ಅಪ್ಪನ ಕಾಲದಲ್ಲಿ ರಾಗಿ ಬೆಳೆಯುತ್ತಿದ್ದ ಹೊಲವೆಲ್ಲ ಲೇಔಟಾಗಿ, ಅದರ ನಡುವೆ ಒಂದು ಭಾರಿ ಬಂಗಲೆ ಕಟ್ಟಿದ್ದರು. ಕಂಬಗಳು, ಮೇಲಿಂದ ಇಳಿಬಿಟ್ಟ ಗಾಜಿನ ದೀಪದ ಗೊಂಚಲು, ಮೆಟ್ಟಿಲಿನ ಎರಡೂ ಕಡೆ ಸಿಂಹ. ಒಳ್ಳೆಯ ಮನುಷ್ಯ. ಷರತ್ತು ಒಂದೇ: "ಶೂಟಿಂಗು ನಮ್ಮನೇಲೇ ಮಾಡಿ. ಆದ್ರೆ ಮನೆ ಪಿಚ್ಚರಲ್ಲಿ ಇರ್ಬೇಕು."

ನಾವು ಒಪ್ಪಿದೆವು. ಕಥೆ ಎಲ್ಲ ಗಳಿಸಿದ ಮೇಲೆ ತನ್ನ ಮನೆಯಲ್ಲೇ ಪರಕೀಯನಾದ ಒಬ್ಬನದು. ಅವನಿಗೆ ತನ್ನ ಮನೆ ಕಾಣುವುದೇ ನಿಂತುಹೋಗಿದೆ. ಹಾಗಾದರೆ ನೋಡುವವರಿಗೆ ಮಾತ್ರ ಅದು ಸ್ಪಷ್ಟವಾಗಿ ಯಾಕೆ ಕಾಣಬೇಕು? ನಾನು ಲೆನ್ಸನ್ನು ಪೂರ್ತಿ ತೆರೆದು, ಮನುಷ್ಯನನ್ನು ಮಾತ್ರ ಚೂಪಾಗಿ ಹಿಡಿದು ಹಿಂದಿನದನ್ನೆಲ್ಲ ಕರಗಿಸಿಬಿಟ್ಟೆ. ಆ ಕೆಲಸದ ಬಗ್ಗೆ ನನಗೆ ಈಗಲೂ ಹೆಮ್ಮೆಯಿದೆ. ಮನುಷ್ಯನನ್ನೂ ಕಿಟಕಿಗೆ ಬೆನ್ನು ಮಾಡಿ ಕೂರಿಸಿದ್ದರಿಂದ ಅವನ ಮುಖ ನೆರಳಲ್ಲಿತ್ತು. ಅದು ನಿರ್ದೇಶಕನ ಆಸೆ.

ಬಿಡುಗಡೆಯ ದಿನ ನಿರ್ಮಾಪಕರು ಒಂದು ಮಿನಿಬಸ್ಸಿನಲ್ಲಿ ನೆಂಟರನ್ನು ತುಂಬಿಕೊಂಡು ಚಿತ್ರಮಂದಿರಕ್ಕೆ ಬಂದರು. ಇಂಟರ್‌ವಲ್ಲಿನಲ್ಲಿ ನನ್ನ ಹೆಗಲ ಮೇಲೆ ಒಂದು ಭಾರವಾದ ಕೈ ಬಿತ್ತು.

"ಸಾರ್, ಮನೆ ಎಲ್ಲಿ?"

"ಪ್ರತಿ ಸೀನಲ್ಲೂ ಇದೆಯಲ್ಲ ಸಾರ್. ನಾಯಕನ ಹಿಂದೆ ಹಳದಿಯಾಗಿ ಹೊಳೀತಿದೆಯಲ್ಲ, ಅದು ನಿಮ್ಮ ದೀಪದ ಗೊಂಚಲು."

"ಸಿಂಹ?"

"ಆ ಬಿಳೀ ಮಚ್ಚೆ ಸಾರ್."

ಅವರು ಕೋಪ ಮಾಡಿಕೊಳ್ಳಲಿಲ್ಲ. ಅಳುಮೋರೆಯಲ್ಲಿ ಹೇಳಿದರು: "ಗೃಹಪ್ರವೇಶಕ್ಕೆ ಬರ್ದೇ ಇದ್ದೋರಿಗೆಲ್ಲ ಪಿಚ್ಚರಲ್ಲೇ ಮನೆ ತೋರಿಸ್ತೀನಿ ಅಂತ ಕರ್ಕೊಂಬಂದಿದೀನಿ. ಈಗ ಅವ್ರೆಲ್ಲ, ಮನೆ ಇನ್ನೂ ಮುಗಿದಿಲ್ವಾ ಅಂತ ಕೇಳ್ತಾವ್ರೆ ಸಾರ್!"

ಪಕ್ಕದಲ್ಲೇ ಪಾಪ್‌ಕಾರ್ನ್ ತಿನ್ನುತ್ತಿದ್ದ ನಿರ್ದೇಶಕನ ಅಮ್ಮ ಅವರಿಗೆ ಸಮಾಧಾನ ಹೇಳಿದರು: "ನಿಮಗೆ ಮನೆ ಒಂದು ಕಾಣ್ಲಿಲ್ಲ. ನಂಗೆ ಯಾರ ಮುಖಾನೂ ಕಾಣಲ್ಲಪ್ಪ, ದನಿ ಕೇಳ್ಕೊಂಡು ಕೂತಿದೀನಿ."

ಫಾರಿನ್ ಫಿಲ್ಟರ್

ನಮ್ಮ ಕಡೆ ಮೊದಲ ಶಾಟ್ ತೆಗೆಯುವ ಮುಂಚೆ ಕ್ಯಾಮೆರಾಕ್ಕೆ ಪೂಜೆ ಆಗಲೇಬೇಕು. ಹೂವು, ಕುಂಕುಮ, ಕರ್ಪೂರ, ಟ್ರಾಲಿಯ ಚಕ್ರದ ಕೆಳಗೆ ನಿಂಬೆಹಣ್ಣು. ನಮ್ಮ ತಂಡದಲ್ಲಿ ಆ ಪೂಜೆ ಮಾಡುವ ಹಕ್ಕು ಅಮ್ಮನದು. ಮಗನ ಸಿನಿಮಾ ಹಿಡಿಸದಿದ್ದರೂ ಪೂಜೆ ತಪ್ಪಿಸಿದವರಲ್ಲ. ಕ್ಯಾಮೆರಾದ ನೆತ್ತಿಯ ಮೇಲೆ, ಅಳೆದಿಟ್ಟ ಹಾಗೆ ಒಂದು ದುಂಡು ಬೊಟ್ಟು ಇಡುತ್ತಿದ್ದರು.

ಮೂರನೇ ಸಿನಿಮಾದ ಮುಹೂರ್ತ ಅನ್ನಪೂರ್ಣೇಶ್ವರಿ ನಗರದ ಒಂದು ಬಾಡಿಗೆ ಮನೆಯಲ್ಲಿ. ನಾನು ಬಗ್ಗಿ ನಿಂಬೆಹಣ್ಣು ಇಡುತ್ತಿದ್ದೆ, ಅವರು ಕುಂಕುಮ ಇಟ್ಟದ್ದನ್ನು ನೋಡಲಿಲ್ಲ. ಆ್ಯಕ್ಷನ್ ಎಂದಾಯಿತು. ನಾಯಕ ಬಾಗಿಲು ತಳ್ಳಿಕೊಂಡು ಸಿಟ್ಟಿನಿಂದ ಒಳಗೆ ಬಂದ. ಕಿಟಕಿಯ ಬಿಸಿಲು ನೇರ ಕ್ಯಾಮೆರಾಕ್ಕೆ ಹೊಡೆಯಿತು. ಮಾನಿಟರಿನಲ್ಲಿ ಇಡೀ ಕೋಣೆ ಕೆಂಪು ಮಂಜಿನಲ್ಲಿ ತೇಲಿತು.

ನಿರ್ದೇಶಕ ಕುರ್ಚಿಯಿಂದ ಎದ್ದೇಬಿಟ್ಟ. "ಏನ್ ಮಗಾ ಇದು! ಯಾವ ಫಿಲ್ಟರ್ ಹಾಕ್ದೆ?"

ನಾನು ಯಾವುದನ್ನೂ ಹಾಕಿರಲಿಲ್ಲ. ಮುಂದೆ ಹೋಗಿ ನೋಡಿದರೆ ಲೆನ್ಸಿನ ಮುಂದಿನ ಗಾಜಿನ ಮೇಲೆ, ಸರಿಯಾಗಿ ನಡುಮಧ್ಯೆ, ಅಮ್ಮನ ಉಂಗುರದ ಬೆರಳಿನಷ್ಟು ಅಗಲದ ಕುಂಕುಮ. ಒರೆಸಲು ಬಟ್ಟೆ ತೆಗೆದೆ. ನಿರ್ದೇಶಕ ನನ್ನ ಕೈ ಹಿಡಿದುಕೊಂಡ.

"ಮುಟ್ಟಿದ್ರೆ ನೋಡು!"

ಆ ಸಿನಿಮಾದಲ್ಲಿ ನಾಯಕನಿಗೆ ಸಿಟ್ಟು ಬಂದಾಗಲೆಲ್ಲ ಕುಂಕುಮ ಹಚ್ಚಿದೆವು. ನಾನು ಹಚ್ಚಿದರೆ ಬರೀ ಗಲೀಜಾಗಿ ಕಾಣುತ್ತಿತ್ತು. ಅದಕ್ಕೆ ಪ್ರತಿ ಸಲ ಅಮ್ಮನನ್ನೇ ರಾಜಾಜಿನಗರದಿಂದ ಕರೆಸಬೇಕಾಯಿತು. "ಏನೋ ಇದು, ದಿನಾ ಮುಹೂರ್ತಾನಾ ನಿಮಗೆ?" ಎಂದು ಗೊಣಗುತ್ತಲೇ ಬಂದು ಹಚ್ಚಿ ಹೋಗುತ್ತಿದ್ದರು. ನಾಯಕನ ಎದೆಯೊಳಗಿನ ಬೆಂಕಿಯೇ ಪರದೆಗೆ ಬಂದಂತಿದೆ ಎಂದು ಬರೆದವರು ಬರೆದರು. ಬೇರೆ ತಂಡದ ಒಬ್ಬ ಕ್ಯಾಮೆರಾಮನ್ ಫೋನ್ ಮಾಡಿದ.

"ಸಾರ್, ಆ ರೆಡ್ ಫಿಲ್ಟರ್ ಯಾವ ದೇಶದ್ದು? ನಾನು ಎಲ್ಲಾ ಕಡೆ ಹುಡುಕ್ದೆ, ಸಿಗ್ತಿಲ್ಲ."

"ಗ್ರಂಥಿಗೆ ಅಂಗಡೀಲಿ ಕೇಳಪ್ಪ. ಊದಿನಕಡ್ಡಿ ಪಕ್ಕದಲ್ಲೇ ಇಟ್ಟಿರ್ತಾರೆ" ಎಂದೆ.

ತಮಾಷೆ ಮಾಡುತ್ತಿದ್ದೇನೆ ಎಂದು ಅವನು ಇವತ್ತಿಗೂ ನನ್ನ ಮೇಲೆ ಮುನಿಸಿಕೊಂಡಿದ್ದಾನೆ. ಅಷ್ಟು ವರ್ಷ ನೆತ್ತಿಯ ಮೇಲೆ ಬೊಟ್ಟಿಟ್ಟವರು ಈ ಸಲ ಗಾಜಿನ ಮೇಲೆ ಯಾಕೆ ಇಟ್ಟರು ಎಂದು ನಮ್ಮಲ್ಲಿ ಯಾರೂ ಕೇಳಲಿಲ್ಲ.

ರಿಮೋಟು

ಅದೇ ಸಿನಿಮಾ ಯುಗಾದಿಯ ಮಧ್ಯಾಹ್ನ ಟೀವಿಯಲ್ಲಿ ಬಂತು. ಹೋಳಿಗೆ ಊಟಕ್ಕೆ ನನ್ನನ್ನೂ ಕರೆದಿದ್ದರು. ಹೋದರೆ ಅಮ್ಮ ಟೀವಿಯ ಮುಂದೆ, ಕೈ ಚಾಚಿದರೆ ಮುಟ್ಟುವಷ್ಟು ಹತ್ತಿರ ಒಂದು ಸ್ಟೂಲ್ ಹಾಕಿಕೊಂಡು ಕೂತಿದ್ದಾರೆ. ರಿಮೋಟಿನಲ್ಲಿ ಪರದೆಯ ಬೆಳಕನ್ನು ತುದಿಯವರೆಗೆ ಏರಿಸಿದ್ದಾರೆ. ನಾನು ವಾರಗಟ್ಟಲೆ ಒದ್ದಾಡಿ ತೆಗೆದ ಮುಸ್ಸಂಜೆ ಮಟಮಟ ಮಧ್ಯಾಹ್ನವಾಗಿತ್ತು.

ನಿರ್ದೇಶಕ ರಿಮೋಟು ಕಿತ್ತುಕೊಂಡು ಬೆಳಕು ಇಳಿಸಿದ. ಅವನು ನೀರು ಕುಡಿಯಲು ಹೋದಾಗ ಅಮ್ಮ ಏರಿಸಿದರು. ಅವನು ಬಂದು ಇಳಿಸಿದ. ಇದು ಆ ಮನೆಯ ದಿನನಿತ್ಯದ ಕಾಳಗವಂತೆ.

"ಯಾರೋ ಇವನು, ಬಾಗಿಲ ಹತ್ರ ನಿಂತಿರೋನು?"

"ಅವನೇ ಅಮ್ಮ ನಾಯಕ! ಈಗ ಅವನ ಮುಖ ಕಾಣಬಾರ್ದು. ಅವನು ತನ್ನನ್ನ ತಾನೇ ಕಳ್ಕೊಂಡಿದಾನೆ."

"ಅವನು ಕಳ್ಕೊಂಡ್ರೆ ನಾನ್ಯಾಕೋ ಹುಡುಕ್ಬೇಕು?"

ನಿರ್ದೇಶಕ ಮುಖ ಊದಿಸಿಕೊಂಡು ರಿಮೋಟನ್ನು ಜೇಬಿಗೆ ಹಾಕಿಕೊಂಡ. ಅಮ್ಮನಿಗೆ ಕಲೆ ಅರ್ಥವಾಗುವುದಿಲ್ಲ ಎಂದು ಅವನು ಆ ಹೊತ್ತಿಗೆ ತೀರ್ಮಾನಿಸಿಬಿಟ್ಟಿದ್ದ. ಹಾಗೆ ತೀರ್ಮಾನಿಸಿದ್ದರ ನೋವು ಅವನ ಮುಖದಲ್ಲೇ ಕಾಣುತ್ತಿತ್ತು. ಅಮ್ಮ ನನ್ನ ಕಡೆ ತಿರುಗಿದರು.

"ನೀನೇ ಹೇಳಪ್ಪ. ಇವನು ಶೂಟಿಂಗ್‌ಗೆ ಹೋದ ದಿನ ನನ್ನ ಕಣ್ಣು ಪರವಾಗಿಲ್ಲ. ಇವನು ಮನೇಲಿದ್ದ ದಿನ ಮಂಜು ಮಂಜು. ಇವನಿಗೇ ಏನೋ ದೋಷ ಇರ್ಬೇಕು, ಯಾರಿಗಾದ್ರೂ ಜಾತಕ ತೋರ್ಸಿ."

ನಾವು ಹೊಟ್ಟೆ ಹಿಡಿದು ನಕ್ಕೆವು. ಊಟಕ್ಕೆ ಕೂತಾಗ ಅಮ್ಮ ಬಡಿಸಿದ ತುಪ್ಪ ಹೋಳಿಗೆಯ ಮೇಲೆ ಬೀಳದೆ ಪಕ್ಕದ ಕೋಸಂಬರಿಯ ಮೇಲೆ ಧಾರಾಳವಾಗಿ ಬಿತ್ತು. ಪ್ರೀತಿ ಜಾಸ್ತಿಯಾಗಿದೆ ಎಂದುಕೊಂಡು ನಾನು ಕೋಸಂಬರಿಯನ್ನು ತುಪ್ಪದ ಜೊತೆಗೇ ತಿಂದೆ.

ಟೆಸ್ಟ್ ಶಾಟ್

ನಾಲ್ಕನೇ ಸಿನಿಮಾ ಮತ್ತೆ ರಾಜಾಜಿನಗರದ ಮನೆಯಲ್ಲೇ ಎಂದಾಯಿತು. ತಾಯಿ ಮಗನ ಕಥೆ. ಅದಕ್ಕೆ ಮುಂಚೆ ನನಗೆ ಒಂದು ಹೊಸ ಲೆನ್ಸ್ ಸಿಕ್ಕಿತ್ತು. ತೀರಾ ಹತ್ತಿರದಿಂದ ಮುಖ ತೆಗೆಯಲು ಮಾಡಿದ್ದು. ನಿರ್ದೇಶಕ ಕ್ಲೋಸಪ್ ವಿರೋಧಿಯಾದ್ದರಿಂದ ಅಂಥದ್ದನ್ನು ನಾನು ಅವನ ಜೊತೆ ಮುಟ್ಟಿಯೇ ಇರಲಿಲ್ಲ. ಸುಮ್ಮನೆ ನೋಡೋಣ ಎಂದು ಅಮ್ಮನನ್ನು ಕಿಟಕಿಯ ಪಕ್ಕ ಕೂರಲು ಕೇಳಿದೆ.

"ಇರು, ಸೀರೆ ಬದಲಾಯಿಸ್ಕೊಂಡು ಬರ್ತೀನಿ. ಮೊದಲ್ನೇ ಸಲ ಹತ್ರ ಬರ್ತಿದೀಯ" ಎಂದು ಒಳಗೆ ಹೋದರು. ಗಂಡ ಹೋದ ಮೇಲೂ ಬಿಡದ ಕುಂಕುಮವನ್ನು ಹೊಸದಾಗಿ ಇಟ್ಟುಕೊಂಡು ಬಂದರು. ಅದು ಹಣೆಯ ನಡುವಿನಿಂದ ಸ್ವಲ್ಪ ಪಕ್ಕಕ್ಕೆ ಸರಿದಿತ್ತು.

ಮುಖ ತೆಗೆಯುವಾಗ ಫೋಕಸ್ ಕಣ್ಣಿನ ಮೇಲಿರಬೇಕು. ಅದು ನಮಗೆ ಕೈಯಲ್ಲೇ ಬಂದಿರುವ ಅಭ್ಯಾಸ. ತಿರುಗಿಸುತ್ತಾ ತಿರುಗಿಸುತ್ತಾ ರೆಪ್ಪೆ ಸ್ಪಷ್ಟವಾಯಿತು, ಆಮೇಲೆ ಕಣ್ಣು. ಕರಿಯ ಪಾಪೆ ಇರಬೇಕಾದಲ್ಲಿ ಹಾಲಿನ ಕೆನೆಯಂಥ ಬಿಳುಪು. ಇನ್ನೊಂದು ಕಣ್ಣು ನೋಡಿದೆ. ಅಲ್ಲೂ ತೆಳ್ಳಗೆ ಅದೇ.

ನಿರ್ದೇಶಕನನ್ನು ಕರೆದು ಮಾನಿಟರ್ ತೋರಿಸಿದೆ.

"ಕಿಟಕಿ ರಿಫ್ಲೆಕ್ಷನ್ ಇರ್ಬೇಕು ಗುರು. ಪರದೆ ಹಾಕು" ಎಂದ. ಹಾಕಿದೆ. ಬಿಳುಪು ಹೋಗಲಿಲ್ಲ. ಅವನು ಹೋಗಿ ಅಮ್ಮನ ಮುಂದೆ ಮಂಡಿಯೂರಿ ಕೂತ. ಅಷ್ಟು ಹತ್ತಿರದಿಂದ ಅವನು ಆ ಮುಖ ನೋಡಿ ಎಷ್ಟು ಕಾಲವಾಗಿತ್ತೋ.

"ಅಮ್ಮ, ಸರಿಯಾಗಿ ಕಾಣಲ್ವಾ ನಿಂಗೆ? ಯಾವಾಗಿಂದ?"

"ಯಾವಾಗಿಂದ ಅಂದ್ರೆ? ನೀನು ಎರಡ್ನೇ ಪಿಚ್ಚರ್ ತೆಗೆದಾಗಿಂದ."

ಅವರು ಇಷ್ಟು ದಿನ ತಪ್ಪೆಲ್ಲ ಮಗನ ಸಿನಿಮಾದ್ದು, ಟೀವಿಯದ್ದು ಎಂದುಕೊಂಡಿದ್ದರು. ಮಗ ತಪ್ಪೆಲ್ಲ ಅಮ್ಮನ ಅಭಿರುಚಿಯದು ಎಂದುಕೊಂಡಿದ್ದ. ಅವನು ಅಮ್ಮನ ಮಡಿಲಲ್ಲಿ ತಲೆಯಿಟ್ಟು ಅತ್ತುಬಿಟ್ಟ. ನಾನು ಕಿಟಕಿಯ ಪರದೆ ಸರಿಮಾಡುವ ನೆಪದಲ್ಲಿ ಆ ಕಡೆ ತಿರುಗಿದೆ.

ಸಂಜೆಯೇ ಮೂವರೂ ಬಸವೇಶ್ವರನಗರದ ಒಬ್ಬ ಕಣ್ಣಿನ ಡಾಕ್ಟರ ಹತ್ತಿರ ಹೋದೆವು. ಡಾಕ್ಟರಮ್ಮ ಪರೀಕ್ಷೆ ಮಾಡಿ ಗದರಿದರು.

"ಪೊರೆ ಇಷ್ಟು ಬಲಿಯೋವರೆಗೂ ಸುಮ್ನಿದ್ರಾ? ಮನೇಲಿ ಯಾರೂ ಗಮನಿಸ್ಲಿಲ್ವಾ? ಏನ್ ಕೆಲಸ ನಿಮ್ಮದು?"

"ಫಿಲ್ಮ್ ಡೈರೆಕ್ಟರ್, ಮೇಡಂ."

"ನೀವು?"

"ಕ್ಯಾಮೆರಾಮನ್" ಎಂದೆ ಮೆಲ್ಲಗೆ.

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ಇಬ್ಬರನ್ನೂ ನೋಡಿದರು. "ಅಂದ್ರೆ ಇಬ್ಬರಿಗೂ ನೋಡೋದೇ ಕೆಲಸ."

ಎಲ್ಲಾ ಕಾಣ್ತು

ಅಮ್ಮನಿಗೆ ಸಕ್ಕರೆ ಕಾಯಿಲೆ ಇತ್ತು. ಅದು ಹತೋಟಿಗೆ ಬಂದ ಮೇಲೆಯೇ ಆಪರೇಷನ್, ದೃಷ್ಟಿ ಎಷ್ಟು ವಾಪಸ್ ಬರುತ್ತದೆ ಎಂದು ಈಗಲೇ ಹೇಳಲಾಗದು ಎಂದರು ಡಾಕ್ಟರಮ್ಮ. ವಾಪಸ್ ಬರುವಾಗ ಗಾಡಿ ಓಡಿಸಿದ್ದು ನಿರ್ದೇಶಕ. ನನ್ನನ್ನು ಆರ್‌ಪಿಸಿ ಲೇಔಟಿನಲ್ಲಿ ಇಳಿಸುವಾಗ ಹೇಳಿದ:

"ಈ ಸಿನಿಮಾ ಅಮ್ಮಂಗೆ ಕಾಣ್ಬೇಕು. ಅವಳ ಕಣ್ಣು ಎಷ್ಟೇ ಬರ್ಲಿ, ಅಷ್ಟರಲ್ಲೇ ಎಲ್ಲಾ ಕಾಣ್ಬೇಕು."

"ನಿನ್ನ ಲುಕ್ಕು?"

"ಹಾಳಾಗ್ಹೋಗ್ಲಿ ಲುಕ್ಕು."

ನಿಜ ಹೇಳಬೇಕೆಂದರೆ ನನಗೆ ಭಯವಾಯಿತು. ಕತ್ತಲೆ ನಮಗೆ ಬಹಳ ಉಪಕಾರ ಮಾಡಿತ್ತು. ಸಡಿಲ ನಟನೆ, ಸೆಟ್ಟಿನ ಬಡತನ, ನಮ್ಮದೇ ಅನುಮಾನಗಳು, ಎಲ್ಲವನ್ನೂ ಅದು ಮುಚ್ಚಿಹಾಕುತ್ತಿತ್ತು. ಎಲ್ಲ ದೀಪ ಹಚ್ಚಿದರೆ ಬಚ್ಚಿಟ್ಟುಕೊಳ್ಳಲು ಎಲ್ಲಿ ಜಾಗ? ಆದರೂ ಒಪ್ಪಿದೆ. ದಿನಾ ಬೆಳಗ್ಗೆ ಸ್ನಾನ ಮಾಡಿ, ಸ್ಟ್ಯಾಂಡಿನ ಕಾಲುಗಳನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಮೊಟ್ಟಮೊದಲ ಬಾರಿಗೆ ಕ್ಯಾಮೆರಾವನ್ನು ಆ ಅಡಿಗೆಮನೆಯ ಒಳಗಿಟ್ಟೆ. ಮುಂದಿನ ಮುಖವೂ ಸ್ಪಷ್ಟ, ಹಿಂದಿನ ಗೋಡೆಯೂ ಸ್ಪಷ್ಟ, ಸೂರಿನ ಮೂಲೆಯೂ ಸ್ಪಷ್ಟ. ಮನಸ್ಸು ತುಂಬುವಷ್ಟು ಕ್ಲೋಸಪ್ಪು. ಉಲ್ಲಾಳದ ನಿರ್ಮಾಪಕರು ಸೆಟ್ಟಿಗೆ ಬಂದವರು ಕಣ್ಣಿಗೆ ಕೈ ಅಡ್ಡ ಹಿಡಿದು, "ಅಂತೂ ನಿಮ್ ಲೈಟ್‌ಗೆಲ್ಲ ಕರೆಂಟ್ ಬಂತಾ ಸಾರ್!" ಎಂದು ಕೈ ಕುಲುಕಿದರು.

ಕಲಾ ವಿಭಾಗದವರು ಮನೆಯನ್ನು ಸ್ವಲ್ಪ ಝಾಡಿಸೋಣ ಎಂದರು. ನಿರ್ದೇಶಕ ಬೇಡ ಎಂದ. ಮನೆ ಹೇಗಿದೆಯೋ ಹಾಗೇ ಇರಬೇಕು, ಅದೇ ಸತ್ಯ. ಅಮ್ಮನಿಗಂತೂ ಕೋಪವೇ ಬಂತು. "ದಿನಾ ಗುಡಿಸಿ ಒರೆಸ್ತೀನಿ. ನನ್ನ ಮನೆಗೆ ನೀವು ಪೊರಕೆ ಹಿಡಿಯೋದಾ?" ಎಂದು ಅವರನ್ನು ಓಡಿಸಿದರು.

ಶೂಟಿಂಗ್ ಮುಗಿಯಿತು. ಆಪರೇಷನ್ನೂ ಆಯಿತು, ಒಂದು ಕಣ್ಣು, ಸ್ವಲ್ಪ ದಿನ ಬಿಟ್ಟು ಇನ್ನೊಂದು. ಮನೆಯಲ್ಲಿದ್ದರೆ ಒಲೆಯ ಮುಂದೆ ನಿಲ್ಲದೆ ಬಿಡುವುದಿಲ್ಲ ಎಂದು ಅಷ್ಟೂ ದಿನ ಅವರನ್ನು ಕೆಂಗೇರಿಯಲ್ಲಿ, ಮದುವೆಯಾಗಿ ಹೋಗಿದ್ದ ಮಗಳ ಫ್ಲ್ಯಾಟಿನಲ್ಲಿ ಇಟ್ಟಿದ್ದರು. ಕೊನೆಗೆ ಡಾಕ್ಟರಮ್ಮ ಕಪ್ಪು ಕನ್ನಡಕ ತೆಗೆಯಬಹುದು ಎಂದರು. ಅದೇ ವಾರ, ಶುಕ್ರವಾರದ ಬಿಡುಗಡೆಗೆ ಮುಂಚೆ, ಸಿನಿಮಾದ ಮೊದಲ ಪ್ರದರ್ಶನವನ್ನು, ನಾವು ನಾಲ್ಕೈದು ಜನ ನೋಡುವುದಕ್ಕಷ್ಟೇ, ಇಟ್ಟುಕೊಂಡೆವು. ಮಧ್ಯಾಹ್ನ ಕೆಂಗೇರಿಯಿಂದ ಅಮ್ಮನನ್ನು ನೇರ ಅಲ್ಲಿಗೇ ಕರೆತಂದೆವು.

ಅವರು ನಮ್ಮಿಬ್ಬರ ನಡುವೆ ಕೂತರು. ದೀಪ ಆರಿತು. ಮೊದಲ ಕ್ಲೋಸಪ್ ಬಂದಾಗ ಮುಂದಕ್ಕೆ ಬಾಗಿದರು. ನನ್ನ ಮಣಿಕಟ್ಟು ಗಟ್ಟಿಯಾಗಿ ಹಿಡಿದುಕೊಂಡರು. ಇಡೀ ಸಿನಿಮಾದಲ್ಲಿ ಒಮ್ಮೆಯೂ "ಯಾರೋ ಇವನು?" ಎಂದು ಕೇಳಲಿಲ್ಲ. ಅಡಿಗೆಮನೆಯಲ್ಲಿ ತಾಯಿ ಮಗನನ್ನು ಬೀಳ್ಕೊಡುವ ದೃಶ್ಯದಲ್ಲಂತೂ "ಅಯ್ಯೋ!" ಎಂದು ಸೆರಗನ್ನು ಬಾಯಿಗೆ ಒತ್ತಿಕೊಂಡರು. ನಿರ್ದೇಶಕ ಕತ್ತಲಲ್ಲೇ ಕಣ್ಣೊರೆಸಿಕೊಂಡದ್ದು ನನಗೆ ಗೊತ್ತಾಯಿತು.

ದೀಪ ಹತ್ತಿತು. ಅವನು ತಿರುಗಿದ.

"ಕಾಣ್ತಾ ಅಮ್ಮ?"

"ಎಲ್ಲಾ ಕಾಣ್ತು ಕಣೋ. ಎಲ್ಲಾರ ಮುಖಾನೂ ಕಾಣ್ತು."

"ಹೇಗಿತ್ತು?"

ಅಮ್ಮ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು. ಆಮೇಲೆ ಶುರುವಾಯಿತು.

"ಆ ಅಟ್ಟದ ಮೂಲೇಲಿ ಅಷ್ಟು ದೊಡ್ಡ ಜೇಡರಬಲೆ! ಫ್ರಿಡ್ಜ್ ಮೇಲೆ ಬೆರಳಲ್ಲಿ ಹೆಸರು ಬರೀಬೋದು, ಅಷ್ಟು ಧೂಳು! ಒಲೆ ಹಿಂದಿನ ಗೋಡೆ ಅದೇನೋ ಅಂಟು ಜಿಡ್ಡು! ನಿಮ್ಮಪ್ಪನ ಫೋಟೋ ಗಾಜಲ್ಲಿ ಅವರೇ ಕಾಣ್ತಿಲ್ಲ! ಇಷ್ಟೆಲ್ಲಾ ಇತ್ತೇನೋ ನಮ್ಮನೇಲಿ? ನಂಗೆ ಕಾಣ್ತಿರ್ಲಿಲ್ಲ, ನಿಂಗೇನಾಗಿತ್ತೋ? ಇಡೀ ಊರಿಗೆ ತೋರಿಸ್ಬಿಡ್ತೀಯಲ್ಲೋ ಶುಕ್ರವಾರ!"

ಅಮ್ಮ ನನ್ನ ಕಡೆ ತಿರುಗಿದರು.

"ನೀನಾದ್ರೂ ಹೇಳ್ಬಾರ್ದಾ? ಆ ಬಲೆ ಮೇಲೆ ಲೈಟ್ ಬೇರೆ ಬಿಟ್ಟಿದೀಯ, ಬೆಳ್ಳಿ ಥರ ಹೊಳೀತಿದೆ! ನಿಮ್ಮ ಆ ಹಳೇ ಕತ್ತಲೆ ಪಿಚ್ಚರ್‌ಗಳೇ ಎಷ್ಟೋ ಚೆನ್ನಾಗಿದ್ವು. ಮನೆ ಮರ್ಯಾದೆ ಉಳ್ದಿತ್ತು."

ನಿರ್ದೇಶಕ ನನ್ನ ಭುಜ ಹಿಡಿದು ಅಲ್ಲಾಡಿಸಿದ. ಅವನ ಕಣ್ಣಲ್ಲಿ ನೀರು, ಮುಖದಲ್ಲಿ ನಗು. "ಕೇಳಿಸ್ತಾ? ಚೆನ್ನಾಗಿದ್ವು ಅಂದ್ಲು! ಅಮ್ಮ ಚೆನ್ನಾಗಿದ್ವು ಅಂದ್ಲು ಕಣೋ!"

"ಆಮೇಲೆ ಕುಣಿಯೋವಂತೆ, ಮೊದ್ಲು ಗಾಡಿ ತೆಗಿ. ಕೆಂಗೇರಿಗಲ್ಲ, ಮನೆಗೆ" ಎಂದರು ಅಮ್ಮ.

ಇನ್ನೂ ಸ್ವಲ್ಪ ದಿನ ಅವರು ತಾವೇ ಪೊರಕೆ ಹಿಡಿಯುವ ಹಾಗಿರಲಿಲ್ಲ. ಆದ್ದರಿಂದ ಅವರು ನಡುಮನೆಯಲ್ಲಿ ಕುರ್ಚಿ ಹಾಕಿಸಿಕೊಂಡು ಕೂತರು. ನಿರ್ದೇಶಕ ತಲೆಗೆ ಟವಲ್ ಸುತ್ತಿ, ಉದ್ದ ಕೋಲಿಗೆ ಪೊರಕೆ ಕಟ್ಟಿಕೊಂಡು ಸ್ಟೂಲ್ ಹತ್ತಿದ. ನಾನು ಕೆಳಗೆ ನಿಂತು ಫೋನಿನ ಟಾರ್ಚ್ ಹಿಡಿದೆ. "ಎಡಗಡೆ. ಇನ್ನೂ ಮೇಲೆ. ಆ ಮೂಲೆ ಬಿಟ್ಟೆ ನೋಡು. ಏ ಕ್ಯಾಮೆರಾಮನ್ನು, ಲೈಟು ಸರಿಯಾಗಿ ಹಿಡಿಯಪ್ಪ, ಅವನಿಗೆ ಕಾಣ್ತಿಲ್ಲ!" ಹೊತ್ತು ಇಳಿಯುವವರೆಗೆ ಅಮ್ಮ ಹೇಳಿದರು, ನಾವು ಮಾಡಿದೆವು. ಅಪ್ಪನ ಫೋಟೋದ ಗಾಜನ್ನು ಮಾತ್ರ ತಾವೇ ಸೆರಗಿನಿಂದ ಒರೆಸಿ, ಹತ್ತಿರ ಹಿಡಿದು ಬಹಳ ಹೊತ್ತು ನೋಡಿ, ಮೊಳೆಗೆ ತಗುಲಿಸಲು ಕೊಟ್ಟರು.

ಕೊನೆಗೆ ಎದ್ದು, ಸೊಂಟದ ಮೇಲೆ ಕೈಯಿಟ್ಟು, ಮನೆಯ ಒಂದೊಂದು ಮೂಲೆಯನ್ನೂ ನೋಡಿ ತೃಪ್ತಿಯಿಂದ ತಲೆಯಾಡಿಸಿದರು.

"ಹ್ಞಾ, ಈಗ ತೆಗೀರಪ್ಪ ನಿಮ್ಮ ಪಿಚ್ಚರು."